ಎರವಲು ಮಕ್ಕಳು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ತಂಗಿಯ ಕೋಪ ಎಲ್ಲಿರುತ್ತದೆ ಎಂಬುದು ಮಾತ್ರ ಅಮ್ಮನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಇಬ್ಬರೂ ಪಾಠ ಹೇಳುವ ಕೆಲಸಕ್ಕೇ ಬಂದೆವು. ಇಬ್ಬರೂ ಒಂದೇ ವಲಯದಲ್ಲಿ ಮುಖ್ಯೋಪಾಧ್ಯಾಯಿನಿಯರಾದೆವು. ಗುಡ್ಡದ ಈಚೆಗಿನ ಮೇಲಿನ ಶಾಲೆ ನನ್ನದು, ಆಚೆಗಿನ ಕೆಳಗಿನ ಶಾಲೆ ಅವಳದು. ನಡುವೆ ಮುಕ್ಕಾಲು ಗಂಟೆಯ ಕಾಲುದಾರಿ.

ನಮ್ಮ ವಲಯದಲ್ಲಿ ಹನ್ನೊಂದು ಶಾಲೆಗಳು, ಎಲ್ಲವೂ ಹಳ್ಳಿಯವು. ಇಪ್ಪತ್ತು ಮಕ್ಕಳಿಗಿಂತ ಕಡಿಮೆಯಾದರೆ ಶಾಲೆಗೆ ಬೀಗ ಎಂಬುದು ನಿಯಮ. ಅದಕ್ಕಾಗಿ ವರ್ಷಕ್ಕೊಮ್ಮೆ ಕಚೇರಿಯಿಂದ ಸಾಹೇಬರೊಬ್ಬರು ಬರುತ್ತಿದ್ದರು, ದಿನಕ್ಕೊಂದು ಶಾಲೆಯಂತೆ. ಬೆಳಗಿನ ಸಾಲಿನಲ್ಲಿ ಮಕ್ಕಳನ್ನು ನಿಲ್ಲಿಸಿ, ಹಾಜರಿ ಕೂಗಿಸಿ, ಪೆನ್ಸಿಲಿನ ಹಿಂಭಾಗದಿಂದ ಒಂದೊಂದೇ ತಲೆಯನ್ನು ಮುಟ್ಟಿ ಎಣಿಸುತ್ತಿದ್ದರು. ಪೆನ್ಸಿಲ್ ಸಾಹೇಬರು ಎಂದೇ ಅವರಿಗೆ ಹೆಸರು ಬಿದ್ದಿತ್ತು. ತಲೆಗೆ ಪೆನ್ಸಿಲ್ ತಾಗುವಾಗ ಮಕ್ಕಳು ಕಣ್ಣು ಮುಚ್ಚಿಕೊಂಡು ಕಿಸಕ್ಕನೆ ನಗುತ್ತಿದ್ದವು.

ಈ ಎಣಿಕೆಗೆ ನಮ್ಮಲ್ಲಿ ಒಂದು ಉಪಾಯವಿತ್ತು. ಯಾವ ಶಾಲೆಯಲ್ಲಿ ಮಕ್ಕಳು ಕಡಿಮೆ ಬೀಳುತ್ತಾರೋ ಆ ಶಾಲೆಗೆ ಪಕ್ಕದವರು ಅವತ್ತಿನ ಮಟ್ಟಿಗೆ ನಾಲ್ಕೋ ಐದೋ ಮಕ್ಕಳನ್ನು ಎರವಲು ಕೊಡುವುದು. ಇಡೀ ವಲಯಕ್ಕೆ ಒಂದೇ ಬಣ್ಣದ ಸಮವಸ್ತ್ರ, ಆದ್ದರಿಂದ ಗುರುತು ಸಿಗುತ್ತಿರಲಿಲ್ಲ. ಊರು ಬಿಟ್ಟುಹೋದ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕದೆ ಇಟ್ಟುಕೊಂಡಿರುತ್ತಿದ್ದೆವು. ಎರವಲು ಬಂದ ಮಕ್ಕಳು ಆ ಹೆಸರುಗಳಿಗೆ ಓಗೊಡಬೇಕು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದಷ್ಟೇ ಸಲೀಸಾಗಿ ನಡೆದುಹೋಗುತ್ತಿತ್ತು. ಅದು ತಪ್ಪು ಎಂದು ಗೊತ್ತಿರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನನ್ನನ್ನು ಈಗ ಚುಚ್ಚುತ್ತಿರುವ ತಪ್ಪು ಅದಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಶಾಲೆಯಲ್ಲೇ ಹದಿನಾಲ್ಕು ಮಕ್ಕಳು ಉಳಿದಿದ್ದರು. ನಾಚಿಕೆಯಿಂದ ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಎಣಿಕೆಯ ದಿನ ಬೆಳಿಗ್ಗೆ ಕಪಾಟಿನ ಬೀಗದ ಕೈಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದೆ, ಇನ್ನೊಬ್ಬರಿಗೆ ಒಪ್ಪಿಸಲು ಸುಲಭವಾಗಲಿ ಎಂದು. ಬಿಸಿಯೂಟದ ಅಡುಗೆಯಮ್ಮ ಬಂದು ಕಿಟಕಿಯತ್ತ ಕೈ ತೋರಿಸಿದಳು. ಗುಡ್ಡದ ಇಳಿಜಾರಿನಲ್ಲಿ ತಂಗಿ ಬರುತ್ತಿದ್ದಳು. ಅವಳ ಹಿಂದೆ ಒಂದೇ ಸಾಲಿನಲ್ಲಿ ಏಳು ಮಕ್ಕಳು. ಆರು ಸಾಕಾಗಿತ್ತು, ಒಂದು ಇರಲಿ ಎಂದು ಹೆಚ್ಚಿಗೆ ತಂದಿದ್ದಳು.

ಆ ಏಳರಲ್ಲಿ ಒಬ್ಬಳು ಏಳು ವರ್ಷದ ಹುಡುಗಿ. ತಂಗಿ ಅವಳನ್ನು ಬಿರುಗಾಳಿ ಎಂದು ಕರೆಯುತ್ತಿದ್ದಳು. ಅವಳ ಮನೆ ಕೆಳಗಿನ ಶಾಲೆಯ ಹಿಂಗೋಡೆಗೆ ಅಂಟಿಕೊಂಡೇ ಇತ್ತಂತೆ. ಮನೆಯಲ್ಲಿ ಕಣ್ಣು ಕಾಣದ ಅಜ್ಜಿ. ಅವಳಮ್ಮ ಬೆಳಕು ಹರಿಯುವ ಮುಂಚೆ ಕೆಲಸಕ್ಕೆ ಹೊರಟರೆ ಕತ್ತಲಾದ ಮೇಲೇ ಬರುವುದು. ವಿರಾಮದ ಗಂಟೆ ಹೊಡೆದದ್ದೇ ತಡ ಈ ಹುಡುಗಿ ಓಡಿಹೋಗಿ, ಅಜ್ಜಿಗೆ ನೀರು ಕುಡಿಸಿ, ಮಾತ್ರೆ ಕೊಟ್ಟು, ಎರಡನೆಯ ಗಂಟೆಗೆ ಮುಂಚೆ ಏದುಸಿರು ಬಿಡುತ್ತ ಬಂದು ಕೂರುತ್ತಿದ್ದಳು. ಎಣಿಕೆಯ ದಿನ ಮಾತ್ರ ಪಕ್ಕದ ಮನೆಯವರು ಅಜ್ಜಿಯನ್ನು ನೋಡಿಕೊಳ್ಳಲು ಒಪ್ಪಿದ್ದರು. ನಾನು ಅವಳಿಗೆ ಊರು ಬಿಟ್ಟ ಬಡಗಿಯ ಮಗಳ ಹೆಸರು ಕೊಟ್ಟೆ. ಆ ಹೆಸರು ಕೂಗಿದಾಗ ಅವಳು ಹಾಜರ್ ಎಂದು ಕೂಗಿದ ಜೋರಿಗೆ ಪೆನ್ಸಿಲ್ ಸಾಹೇಬರು ಬೆಚ್ಚಿಬಿದ್ದರು. ಅಷ್ಟಕ್ಕೇ ನಿಲ್ಲದೆ, ಪಕ್ಕದಲ್ಲಿ ಬೆಪ್ಪಾಗಿ ನಿಂತಿದ್ದವಳ ಪರವಾಗಿಯೂ ಹಾಜರ್ ಎಂದುಬಿಟ್ಟಳು. ಸಾಹೇಬರು ಕನ್ನಡಕದ ಮೇಲಿಂದ ನೋಡಿ, ಕೆಮ್ಮಿ, ಇಬ್ಬರ ತಲೆಗೂ ಪೆನ್ಸಿಲ್ ತಾಗಿಸಿ ಮುಂದೆ ಹೋದರು.

ಮರುವರ್ಷವೂ ತಂಗಿ ಹಾಗೆಯೇ ಬಂದಳು, ಬಿರುಗಾಳಿಯೂ ಬಂದಳು. ಆಮೇಲೆ ನಮ್ಮ ಕಡೆ ಹಾಲಿನ ಪುಡಿ ಕಾರ್ಖಾನೆಯೊಂದು ಶುರುವಾಯಿತು, ಕೆಲಸಗಾರರ ಮನೆಗಳಾದವು, ನನ್ನ ಶಾಲೆಗೆ ನೂರಾ ನಲವತ್ತು ಮಕ್ಕಳಾದರು. ಕೂರಿಸಲು ಜಾಗವಿಲ್ಲದೆ ಜಗಲಿಯಲ್ಲಿ ಪಾಠ ಮಾಡಿಸಿದೆ. ಕಳೆದ ವರ್ಷ ವಲಯದ ಅತ್ಯುತ್ತಮ ಶಾಲೆ ಎಂದು ನಮಗೆ ಫಲಕ ಕೊಟ್ಟರು. ಫಲಕ ಹಿಡಿದು ನಾನು ವೇದಿಕೆಯಿಂದ ಇಳಿಯುತ್ತಿದ್ದಾಗ, ಹನ್ನೊಂದು ಶಾಲೆಯವರೂ ಕೂತಿದ್ದ ಕಡೆ, ತಂಗಿ ನಗುತ್ತಾ ಹೇಳಿದಳು:

"ಅದ್ರಲ್ಲಿ ಅರ್ಧ ನಮ್ಮ ಮಕ್ಕಳದು ಕಣಕ್ಕ."

ಎಲ್ಲರೂ ನಕ್ಕರು. ಅವಳು ಪ್ರೀತಿಯಿಂದಲೇ ಹೇಳಿದ್ದಳು ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಅವತ್ತು ಮುಖಕ್ಕೆ ಹೊಡೆದಂತಾಯಿತು. ಮಾತು ನಿಜವಾಗಿತ್ತಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ಮನೆಗೆ ಬಂದವಳು ಫೋನ್ ಮಾಡಲಿಲ್ಲ, ಅವಳು ಮಾಡಿದಾಗ ಎತ್ತಲಿಲ್ಲ. ಮೂರು ಸಲ ಮಾಡಿ ಸುಮ್ಮನಾದಳು. ಹೀಗೆ ಐದು ತಿಂಗಳು ಕಳೆದವು.

ಈ ವರ್ಷದ ಎಣಿಕೆ ಹತ್ತಿರ ಬಂತು. ಮಂಗಳವಾರ ಅವಳ ಶಾಲೆ, ಬುಧವಾರ ನನ್ನದು. ಹಿಂದಿನ ಶುಕ್ರವಾರ ಅಡುಗೆಯಮ್ಮ ಪಾತ್ರೆ ತೊಳೆಯುತ್ತಾ, ಗೋಡೆಗೆ ಹೇಳುವವಳ ಹಾಗೆ, ಕೆಳಗಿನ ಶಾಲೆಯಲ್ಲಿ ಈ ಸಲ ಹದಿನೇಳೇ ಅಂತೆ ಎಂದಳು. ನಾನು ಕೇಳಿಸಿಕೊಂಡೂ ಕೇಳಿಸದವಳಂತೆ ಇದ್ದೆ. ಅವಳು ಬಿಡುವ ಪೈಕಿ ಅಲ್ಲ. ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಮೂರು ಮಕ್ಕಳು ಸಾಕು ಮೇಡಂ. ನಾನೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ."

"ನಮ್ಮನ್ನ ಯಾರು ಕೇಳಿದ್ದಾರೆ?" ಎಂದೆ. "ಬಾಯಿ ಬಿಟ್ಟು ಕೇಳ್ಲಿ, ಕಳಿಸೋಣ."

ಅದು ಬರೀ ಸಿಟ್ಟಿನ ಮಾತಾಗಿರಲಿಲ್ಲ. ಕೇಳಿದರೆ ನಿಜವಾಗಿಯೂ ಕಳಿಸುವವಳಿದ್ದೆ. ಮಂಗಳವಾರ ಬೆಳಿಗ್ಗೆ ಮೂವರನ್ನು ಆರಿಸಿದೆ, ಮೂವರೂ ಚುರುಕು. ಮುಖ ತೊಳೆಸಿ, ತಲೆ ಬಾಚಿಸಿ, ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂರಿಸಿದೆ. ಅಡುಗೆಯಮ್ಮ ಚಪ್ಪಲಿ ಮೆಟ್ಟಿಕೊಂಡು ತಯಾರಾಗಿ ನಿಂತಳು. ಹತ್ತೂವರೆಗೆ ಎಣಿಕೆ, ಒಂಬತ್ತೂವರೆಗೆ ಹೊರಟರೆ ಸಾಕಿತ್ತು. ಫೋನನ್ನು ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕದಲ್ಲಿ ಇಟ್ಟುಕೊಂಡು ಕೂತೆ. ಒಂಬತ್ತೂವರೆಯಾಯಿತು. ನಮ್ಮ ಡ್ರಿಲ್ ಮೇಷ್ಟ್ರ ಬೈಕಿನಲ್ಲಾದರೆ ರಸ್ತೆ ಸುತ್ತಿಕೊಂಡು ಇಪ್ಪತ್ತು ನಿಮಿಷ, ಹತ್ತರವರೆಗೂ ಪರವಾಗಿಲ್ಲ ಎಂದುಕೊಂಡೆ. ಹತ್ತಾಯಿತು. ಫೋನು ಕೆಟ್ಟಿದೆಯೇನೋ ಎಂದು ಒಮ್ಮೆ ಎತ್ತಿ ನೋಡಿದೆ. ಕೆಟ್ಟಿರಲಿಲ್ಲ. ನಾನೇ ಒತ್ತಬಹುದಾಗಿತ್ತು, ಅವಳ ನಂಬರು ಎಲ್ಲಕ್ಕಿಂತ ಮೇಲೇ ಇತ್ತು. ಹತ್ತೂವರೆಗೆ ಹೊರಗೆ ಹೋಗಿ, ಆ ಮೂವರಿಗೆ ತರಗತಿಗೆ ಹೋಗಿ ಎಂದೆ. ಅಡುಗೆಯಮ್ಮ ನನ್ನ ಮುಖ ನೋಡದೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ಅವತ್ತಿನ ಸಾರಿಗೆ ಅವಳು ಉಪ್ಪು ಹಾಕುವುದನ್ನೇ ಮರೆತಿದ್ದಳು, ಇಲ್ಲವೇ ಬೇಕೆಂದೇ ಹಾಕಿರಲಿಲ್ಲ.

ಬುಧವಾರ ಪೆನ್ಸಿಲ್ ಸಾಹೇಬರು ನಮ್ಮಲ್ಲಿಗೆ ಬಂದರು. ನೂರಾ ನಲವತ್ತು ತಲೆ ಎಣಿಸಿ, ಕೈ ನೋಯುತ್ತದೆ ಎಂದು ನಗಬೇಕಾಗಿದ್ದವರು ನಗಲಿಲ್ಲ. ಚಹಾ ಕೊಟ್ಟೆ. ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಕಿಟಕಿಯಿಂದ ಗುಡ್ಡವನ್ನು ನೋಡುತ್ತಾ ಕೂತರು.

"ನಿನ್ನೆ ಎರಡು ಸಲ ಎಣಿಸಿದೆ ಮೇಡಂ," ಎಂದರು. "ಹನ್ನೊಂದೂವರೆವರೆಗೂ ಹೇಗೋ ಎಳೆದೆ. ಹಾಜರಿ ಪುಸ್ತಕ ತಿರುಗಿಸಿದೆ, ನೀರು ಕೇಳಿದೆ, ಪೆನ್ಸಿಲ್ ಕೆತ್ತಿದೆ. ಗುಡ್ಡದ ಮೇಲೆ ಯಾರೂ ಕಾಣಿಸ್ಲಿಲ್ಲ."

ನನಗೆ ಕೂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ನಾವು ಅವರ ಕಣ್ಣಿಗೆ ಮಣ್ಣೆರಚುತ್ತಿದ್ದೇವೆ ಎಂದುಕೊಂಡಿದ್ದೆವು. ಅವರು ತಾವಾಗಿ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಬರೆದದ್ದನ್ನು ತಿದ್ದಲು ಆಗುವುದಿಲ್ಲವೇ ಎಂದು ಕೇಳಿದೆ. ಹದಿನೇಳು ಎಂದು ನಿನ್ನೆಯೇ ಕಚೇರಿಗೆ ಹೋಗಿದೆ, ಇನ್ನು ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಚಹಾ ಹಾಗೆಯೇ ಉಳಿಯಿತು. ಆಮೇಲೆ ನಾನು ಕಚೇರಿಗೆ ಎರಡು ಅರ್ಜಿ ಬರೆದೆ, ಖುದ್ದಾಗಿ ಹೋಗಿ ಮೂರು ದಿನ ಬೆಂಚಿನ ಮೇಲೆ ಕೂತೆ. ಕೆಳಗಿನ ಶಾಲೆಯನ್ನು ನನ್ನ ಶಾಲೆಗೆ ಸೇರಿಸಿದ ಆದೇಶದ ಪ್ರತಿಯನ್ನು ನನ್ನ ಕೈಗೇ ಕೊಟ್ಟು ಕಳಿಸಿದರು.

ರಜೆ ಮುಗಿದು ಶಾಲೆ ಶುರುವಾದ ದಿನ ತಂಗಿ ಮತ್ತೆ ಗುಡ್ಡ ಇಳಿದು ಬಂದಳು. ಅದೇ ಒಂದೇ ಸಾಲು, ಈ ಸಲ ಬೆನ್ನಿನ ಮೇಲೆ ಚೀಲಗಳು. ನಾನು ಬಾಗಿಲಲ್ಲಿ ನಿಂತು ಬಾಯೊಳಗೇ ಎಣಿಸಿದೆ. ಹದಿನಾರು. ಅವಳು ಹಾಜರಿ ಪುಸ್ತಕಗಳನ್ನೂ ಬೀಗದ ಕೈಗಳನ್ನೂ ನನ್ನ ಮೇಜಿನ ಮೇಲಿಟ್ಟಳು. ಒಂದೊಂದು ಕೈಗೂ ಚೀಟಿ ಅಂಟಿಸಿದ್ದಳು: ಅಡುಗೆಮನೆ, ಕಪಾಟು, ಹಿಂಬಾಗಿಲು. ಅವಳಿಗೆ ವಲಯದ ಆ ತುದಿಯ ಶಾಲೆಗೆ ವರ್ಗವಾಗಿತ್ತು. ಎರಡು ಬಸ್ಸು ಬದಲಾಯಿಸಬೇಕು, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಅವಳು ಸ್ವಲ್ಪ ಇಳಿದುಹೋಗಿದ್ದಳು. ಅವಳನ್ನು ತಬ್ಬಿಕೊಂಡು ಅತ್ತುಬಿಡಬೇಕು ಎನ್ನಿಸಿತು. ಹಾಳು ಬಾಯಿ, ಅದರ ಬದಲು ಜಗಳಕ್ಕೇ ನಿಂತಿತು.

"ಒಂದು ಮಾತು ಕೇಳಿದ್ರೆ ಕಳಿಸ್ತಿದ್ದೆ. ಮೂರು ಮಕ್ಕಳನ್ನ ಗೇಟಲ್ಲಿ ಕೂರಿಸ್ಕೊಂಡು ಕಾದೆ ಕಣೇ."

ಅವಳು ಮೇಜಿನ ಮೇಲಿನ ಬೀಗದ ಕೈಗಳನ್ನು ಒಂದೊಂದಾಗಿ ಸಾಲಾಗಿ ಜೋಡಿಸಿದಳು. ಕೋಪ ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ನೀನು ಯಾವತ್ತು ಕೇಳಿದ್ದೆ ಅಕ್ಕ?" ಎಂದಳು.

ಅಷ್ಟೇ. ಸೀರೆಯ ಅಂಚಿಗೆ ಮೆತ್ತಿದ್ದ ದಾರಿಯ ಧೂಳು ಕೊಡವಿ ಎದ್ದಳು. ಬಿರುಗಾಳಿಯನ್ನು ಸಾಲಿನಲ್ಲಿ ಕಾಣಲಿಲ್ಲವಲ್ಲ ಎಂದು ಕೇಳಿದೆ. ಅವಳು ಬರುವುದಿಲ್ಲ, ಹೋಗಿ ಬರಲು ಒಂದೂವರೆ ಗಂಟೆಯಾದರೆ ವಿರಾಮದಲ್ಲಿ ಓಡಿಹೋಗಿ ಅಜ್ಜಿಗೆ ನೀರು ಕೊಡುವುದು ಹೇಗೆ ಎಂದಳು. ಅವಳಮ್ಮನ ಜೊತೆ ಮೂರು ಸಲ ಮಾತಾಡಿದ್ದಳಂತೆ. ಪಕ್ಕದ ಮನೆಯವರನ್ನೂ ಕೇಳಿದ್ದಳಂತೆ. ಒಂದು ದಿನ ಎಂದರೆ ಸರಿ, ದಿನಾ ನೋಡಿಕೊಳ್ಳಲು ಯಾರಿಗೆ ಪುರುಸೊತ್ತಿದೆ ಎಂದರಂತೆ. ಬಸ್ಸಿಗೆ ಹೊತ್ತಾಯಿತು ಎಂದು ತಂಗಿ ಹೊರಟಳು. ಗೇಟಿನವರೆಗೆ ಹೋಗಿ ಬಿಟ್ಟುಬಂದೆ.

ಮರುದಿನ ಮಧ್ಯಾಹ್ನ ಪಾಠವನ್ನು ಡ್ರಿಲ್ ಮೇಷ್ಟ್ರಿಗೆ ವಹಿಸಿ ನಾನೇ ಗುಡ್ಡ ಹತ್ತಿ ಇಳಿದೆ. ಎರಡು ವರ್ಷ ನನ್ನ ಶಾಲೆಯನ್ನು ಉಳಿಸಲು ಆ ಮಕ್ಕಳು ನಡೆದ ದಾರಿ. ನಾನು ಅದರಲ್ಲಿ ನಡೆದದ್ದು ಅದೇ ಮೊದಲು. ನಡುವೆ ಕಲ್ಲುಗಳು ಸಡಿಲ, ಎರಡು ಕಡೆ ಕೂತು ಸುಧಾರಿಸಿಕೊಂಡೆ. ಕೆಳಗಿನ ಶಾಲೆಯ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಗಂಟೆಯಾಗಿ ತೂಗುಹಾಕಿದ್ದ ಕಬ್ಬಿಣದ ತುಂಡು ಹಾಗೇ ಇತ್ತು, ಬಡಿಯುವ ಸುತ್ತಿಗೆ ಇರಲಿಲ್ಲ.

ಹಿಂದಿನ ಮನೆಯ ಹೊಸ್ತಿಲ ಹೊರಗೆ ಆ ಹುಡುಗಿ ಕೂತು ಬಟ್ಟೆ ಒಗೆಯುತ್ತಿದ್ದಳು. ಉದ್ದಕ್ಕೆ ಬೆಳೆದಿದ್ದಳು, ಹನ್ನೊಂದಾಗಿರಬೇಕು. ಒಳಗಿನಿಂದ ಅಜ್ಜಿ, ಯಾರೇ ಅದು ಎಂದು ಕೇಳಿತು. ಕರೆಯಬೇಕೆಂದು ಬಾಯಿ ತೆರೆದೆ. ನನಗೆ ಗೊತ್ತಿದ್ದದ್ದು ತಂಗಿ ಇಟ್ಟಿದ್ದ ಅಡ್ಡಹೆಸರು, ನಾನು ಕೊಟ್ಟಿದ್ದ ಬಡಗಿಯ ಮಗಳ ಹೆಸರು, ಎರಡೇ. ಇವಳ ಹೆಸರೇನು ಎಂದು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಅವಳೇ ತಲೆಯೆತ್ತಿ ನೋಡಿದಳು. ನೋಡಿದವಳು ಸರಕ್ಕನೆ ಎದ್ದು, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಸಾಲಿನಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತಳು. ಮುಖ ಅರಳಿತ್ತು.

"ಎಣಿಸೋರು ಬರ್ತಾರಾ ಮೇಡಂ?" ಎಂದಳು. "ಎಷ್ಟು ಜನ ಕಮ್ಮಿ?"

ದಾರಿಯುದ್ದಕ್ಕೂ ನಾನು ಹೇಳಿಕೊಳ್ಳುತ್ತಾ ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಒಬ್ಬಳು," ಎಂದೆ.

ಅವಳು ಒಳಗಿನ ಕತ್ತಲೆಯ ಕಡೆ ತಿರುಗಿ ನೋಡಿದಳು, ಪಕ್ಕದ ಮನೆಯ ಬಾಗಿಲ ಕಡೆ ನೋಡಿದಳು, ಮನಸ್ಸಿನಲ್ಲೇ ಏನನ್ನೋ ಲೆಕ್ಕ ಹಾಕಿದಳು.

"ಹಾಗಾದ್ರೆ ನಾನು ಬರ್ತೀನಿ," ಎಂದಳು. "ಒಂದು ದಿನಕ್ಕೆ ತಾನೇ ಮೇಡಂ?"