ಒಡೆಸಿದ ಹಡಗು

ಹಡಗಿನ ಕೆಲಸದಿಂದ ಊರಿಗೆ ಮರಳಿ, ಹರಿಯಬ್ಬೆಯಲ್ಲಿ ಬಸ್ಸಿಳಿದು ಮನೆಯ ಹತ್ತಿರ ಬಂದಾಗ ನಮ್ಮಣ್ಣ ದೊಡ್ಡತಿಮ್ಮಪ್ಪ ಜಗಲಿಯ ಮೇಲೆ ಕೂತಿದ್ದ. ತಲೆ ನುಣ್ಣಗೆ ಬೋಳಾಗಿತ್ತು, ಮೀಸೆಯೂ ಇರಲಿಲ್ಲ. ಅಪ್ಪ ತೀರಿಕೊಂಡಾಗ ಬಿಟ್ಟರೆ ಮೀಸೆಯಿಲ್ಲದ ಅಣ್ಣನನ್ನು ನಾನು ಕಂಡವನಲ್ಲ. ಅವ್ವ ಹೋದಳು ಅಂತಲೇ ತಿಳಿದುಕೊಂಡೆ.

“ಯಾರು ಹೋದ್ರಣ್ಣಾ?” ಅಂದೆ.

ಅಣ್ಣ ಬಾಯಿ ತೆರೆದ. ತುಟಿಯ ಬೀಡಿ ಪಂಚೆಯ ಮೇಲೆ ಬಿತ್ತು, ಅದನ್ನೂ ಕೊಡವಿಕೊಳ್ಳಲಿಲ್ಲ.

“ನೀನೇ ಕಣಲೇ,” ಅಂದ.

ಒಳಗಿನಿಂದ ಅವ್ವ ಇಣುಕಿದಳು, ಕಿಟಾರನೆ ಕಿರುಚಿ ಬಾಗಿಲು ಹಾಕಿಕೊಂಡಳು. ಹೆತ್ತ ತಾಯಿ! ಅವಳಿಗೆಂದು ಸಿಂಗಪುರದಿಂದ ಸೀರೆ ತಂದವನ ಮುಖದೆದುರೇ ಅಗುಳಿ ಜಡಿದಳು. ಮೊದಲು ಕೋಪ ಬಂತು, ಆಮೇಲೆ ನಾನೇ ನನ್ನ ಕೈ ಚಿವುಟಿ ನೋಡಿಕೊಂಡೆ.

ಆಗಲೇ ನನ್ನ ಹೆಂಡತಿ ಹೊನ್ನಕ್ಕ ನೀರಿನ ಕೊಡ ಹಿಡಿದು ಹಿತ್ತಲಿನಿಂದ ಬಂದಳು. ಕೈ ಬರಿದು, ಹಣೆ ಬರಿದು. ನನ್ನನ್ನು ಕಂಡವಳೇ ಕೊಡ ಕೈಬಿಟ್ಟಳು.

“ಚಿಕ್ಕತಿಮ್ಮಪ್ಪಾ!” ಎಂದು ಚೀರಿದಳು.

ನಾನು ಸತ್ತ ಸುದ್ದಿಗಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಅದು. ಮದುವೆಯಾಗಿ ಎಂಟು ವರ್ಷದಲ್ಲಿ ಒಮ್ಮೆಯೂ ನನ್ನ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಹೆಂಡತಿ ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದಂತೆ. ನನ್ನ ಹೆಸರಿನೊಳಗೆ ದೇವರು ಸೇರಿಕೊಂಡಿದ್ದರಿಂದ ತಿರುಪತಿ ತಿಮ್ಮಪ್ಪನನ್ನೂ ಅವಳು ‘ಬೆಟ್ಟದ ದೇವ್ರು’ ಅಂತಲೇ ಕರೆಯುತ್ತಿದ್ದಳು. ಸತ್ತವನಿಗೆ ಇನ್ನೆಲ್ಲಿಯ ಆಯಸ್ಸು? ಹಾಗಾಗಿ ಹೆಸರು ಬಾಯಿಗೆ ಬಂದಿತ್ತು.

ಆದದ್ದಿಷ್ಟು. ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ಮುರುಗೇಶಪ್ಪ ಬೊಂಬಾಯಿಗೆ ಹೋದಾಗ ಬಂದರಿನಲ್ಲಿ ನನ್ನ ಸುದ್ದಿ ವಿಚಾರಿಸಿದ್ದ. ವಾಪಸು ಬಂದು ಹೊಳಲ್ಕೆರೆ ಸಂತೆಯಲ್ಲಿ “ಚಿಕ್ಕತಿಮ್ಮಪ್ಪನ ಹಡಗು ಒಡೆಸಿದ್ರಂತೆ” ಅಂದಿದ್ದ. ಆ ಮಾತು ಹೊಸದುರ್ಗದ ಕುರಿ ವ್ಯಾಪಾರಿಯ ಬಾಯಿ ಹಾದು, ಹಿರಿಯೂರು ದಾಟಿ, ನಮ್ಮೂರು ಮುಟ್ಟುವಷ್ಟರಲ್ಲಿ ‘ಹಡಗು ಒಡೀತಂತೆ’ ಆಗಿತ್ತು. ದಾರಿಯಲ್ಲಿ ಒಂದು ‘ಸಿ’ ಬಿದ್ದುಹೋಯಿತು, ಅದರ ಜೊತೆಗೆ ನಾನೂ ಮುಳುಗಿಹೋದೆ. ಬರುತ್ತಿದ್ದೇನೆಂದು ನಾನು ಹಾಕಿದ ಕಾಗದ ಇನ್ನೂ ಎಲ್ಲಿತ್ತೋ!

“ಒಡೀಲಿಲ್ಲ ಕಣಣ್ಣಾ! ಹಳೇದಾತು ಅಂತ ಗುಜರಿಗೆ ಹಾಕಿ ಒಡೆಸಿದ್ರು!” ಅಂದೆ.

“ಅಷ್ಟು ದೊಡ್ಡ ಹಡಗು ಗುಜರಿಗಾ? ಯಾರಿಗೆ ಹೇಳ್ತೀಯ?”

ಅಷ್ಟರಲ್ಲಿ ಬೀದಿಯ ಜನವೆಲ್ಲ ಸೇರಿದ್ದರು. ನಾನು ಬದುಕಿದ್ದೇನೆಂದು ನಂಬಿಸಬೇಕಾದರೆ ಹಡಗು ಹೇಗೆ ಸತ್ತಿತೆಂದು ಹೇಳಲೇಬೇಕಾಯಿತು. ‘ಬ್ಲೂ ಲಿಲ್ಲಿ’ ಕಡಲಿನ ಲೆಕ್ಕದಲ್ಲಿ ಮಧ್ಯಮ ಗಾತ್ರದ್ದು, ನಮ್ಮ ಲೆಕ್ಕದಲ್ಲಿ ಒಂದು ಊರು. ಏಳು ಅಂತಸ್ತು, ಆರುನೂರು ಪ್ರಯಾಣಿಕರು, ಸಿನಿಮಾ ಮಂದಿರ, ಕುಣಿಯುವುದಕ್ಕೆ ಕನ್ನಡಿ ಗೋಡೆಯ ಕೋಣೆ. ಸುತ್ತ ಅಷ್ಟು ಕಡಲಿದ್ದರೂ ನೆತ್ತಿಯ ಮೇಲೆ ಈಜಲಿಕ್ಕೆ ಇನ್ನೊಂದು ಕೊಳ! ನಾನು ತಳದ ಲಾಂಡ್ರಿಯಲ್ಲಿ ಅವರ ಹಾಸಿಗೆ ಬಟ್ಟೆ ಒಗೆಯುತ್ತಿದ್ದೆ. ಸ್ಕಾಟ್ಲೆಂಡಿನಲ್ಲಿ ಕಟ್ಟಿದಾಗ ಅದರ ಹೆಸರು ‘ಲೇಡಿ ಮಾರ್ಗರೇಟ್’. ಊರು ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟ ಬಡವರನ್ನು ಆಗ ಕುರಿ ತುಂಬಿದ ಹಾಗೆ ತುಂಬುತ್ತಿದ್ದರಂತೆ. ಯುದ್ಧದಲ್ಲಿ ಸಿಪಾಯಿಗಳನ್ನು ಹೊತ್ತಿತು. ಯುದ್ಧ ಮುಗಿದ ಮೇಲೆ ಜನ ವಿಮಾನ ಹತ್ತತೊಡಗಿ ಅದರ ಹೊಟ್ಟೆಯ ಮೇಲೆ ಹೊಡೆದರು. ಹೊಸ ಯಜಮಾನರು ಒಳಗಿನ ಗೋಡೆ ಕೆಡವಿ, ಬಿಳಿ ಬಣ್ಣ ಬಳಿದು, ಏರ್‌ಕಂಡೀಷನ್ ಕೂರಿಸಿ, ಹೊಸ ಹೆಸರಿಟ್ಟು ಶ್ರೀಮಂತರನ್ನು ಸುಮ್ಮನೆ ಸುತ್ತಾಡಿಸತೊಡಗಿದರು. ಎಪ್ಪತ್ನಾಲ್ಕರಲ್ಲಿ ಎಣ್ಣೆ ಬೆಲೆ ಏರಿದ್ದೇ ತಡ, ತೈವಾನಿನ ದಂಡೆಗೆ ಒಯ್ದು ಗ್ಯಾಸಿನ ಬೆಂಕಿಯಲ್ಲಿ ಕೊಯ್ದರು. ಅದರ ಮೂತಿ ಕಳಚಿ ನೀರಿಗೆ ಬಿದ್ದಾಗ ನನಗೆ ಅಳು ಬಂದಿತ್ತು.

“ಅದೆಲ್ಲ ಸರಿಯಪ್ಪ,” ಅಂದ ಕುಲದ ಯಜಮಾನ ಮುದ್ದಪ್ಪ. “ನಿನ್ನ ಕಾರ್ಯ ಮುಗ್ದೈತೆ. ಕಾರ್ಯ ಆದೋನು ಹಳೇ ಹೆಸ್ರಲ್ಲಿ ಹೊಸ್ತಿಲು ದಾಟಂಗಿಲ್ಲ. ಕೂಸಿಗೆ ಇಟ್ಟಂಗೆ ಬ್ಯಾರೆ ಹೆಸ್ರು ಇಡ್ಬೇಕು. ಆಮ್ಯಾಲೆ ಹೊನ್ನಕ್ಕ ಒಪ್ಪಿದ್ರೆ ತಿರಗಾ ತಾಳಿ.”

‘ಒಪ್ಪಿದ್ರೆ’ ಅಂದುಬಿಟ್ಟಿದ್ದ. ಸತ್ತವನಿಗೆ ಹೆಂಡತಿಯೆಲ್ಲಿ? ಈಗ ಅವಳು ಬೇಡ ಅಂದುಬಿಟ್ಟರೆ ನಾನು ಕೇಳುವ ಹಾಗೇ ಇರಲಿಲ್ಲ. ಎಲ್ಲರೂ ಅವಳ ಕಡೆ ತಿರುಗಿದರು.

ಹೊನ್ನಕ್ಕ ಒದ್ದೆ ಸೆರಗು ಹಿಂಡುತ್ತ ನಿಂತಿದ್ದಳು.

“ತಾಳಿ ಆಗ್ಲಿ. ಹೆಸ್ರು ಮಾತ್ರ ಬದ್ಲಾಯಿಸ್ಬ್ಯಾಡ್ರಿ,” ಅಂದಳು. “ಆ ಹಡಗಿಗೂ ಹೊಸ ಹೆಸ್ರು ಇಟ್ರಲ್ಲ, ಏನು ಉಳೀತು? ಒಡೆಸಿದ್ರು.”

ಅವಳು ನನ್ನನ್ನೇ ನೇರವಾಗಿ ನೋಡಿದಳು.

“ಚಿಕ್ಕತಿಮ್ಮಪ್ಪಾ,” ಅಂದಳು. ಈ ಸಲ ಚೀರಲಿಲ್ಲ. “ಕೈಕಾಲು ತೊಳ್ಕ. ಮುದ್ದೆ ಐತೆ.”

ನೆರೆದ ಹೆಂಗಸರು ಬಾಯಿಯ ಮೇಲೆ ಬೆರಳಿಟ್ಟುಕೊಂಡರು. ಅವ್ವ ಒಳಗಿನಿಂದ ಅಗುಳಿ ತೆಗೆದಳು. ನನಗೆ ಕಣ್ಣು ತುಂಬಿ ಬಂದು ಚೊಂಬು ಎಲ್ಲಿದೆ ಅಂತಲೂ ಕಾಣಲಿಲ್ಲ.

“ಆಗ್ಲಿ ಬಿಡು, ಹೆಸ್ರು ಅದೇ ಇರ್ಲಿ,” ಅಂದ ಮುದ್ದಪ್ಪ ಕೊನೆಗೆ. “ತಾಳಿಗೆ ನಾಳೆ ದಿನ ಚೆನ್ನಾಗೈತೆ.”

“ಒಂದ್ವಾರ ತಡೀರಿ ಯಜಮಾನ್ರೇ,” ಅಂದೆ.

ಅಣ್ಣ ಹೌಹಾರಿದ. “ಯಾಕಲೇ? ತಲೆಗಿಲೆ ಕೆಟ್ಟೈತಾ?”

“ತಾಳಿ ಕಟ್ಟಿದ್ಮ್ಯಾಲೆ ಅವ್ಳು ಹೆಸ್ರು ಹಿಡಿದು ಕರಿಯಲ್ಲ ಕಣಣ್ಣಾ.”