ಎದೆಯ ಎಡಮಗ್ಗುಲು

ಮಗ ಸ್ಟೂಲಿನ ಮೇಲೆ ನಿಂತು ಕಿಟಕಿಗೆ ಅಂಟಿಸಿದ್ದ ಅಪ್ಪನ ಎದೆಯ ಎಕ್ಸ್‌ರೇ ಹಾಳೆಯನ್ನು ಕೀಳುತ್ತಿದ್ದ. ಒಡೆದ ಗಾಜಿಗೆ ಅಡ್ಡವಾಗಿ ಅಪ್ಪನೇ ಅಂಟಿಸಿದ್ದು. ಬಂದವರೆಲ್ಲ ಅಪ್ಪನ ಹೆಣ ಬಿಟ್ಟು ಅದನ್ನೇ ನೋಡುತ್ತಿದ್ದರು.

ಕೆಮ್ಮು ಗಂಟಲಿಗೆ ಬಂತು. ಅಮ್ಮನಿಗೆ ಕೇಳಿಸಬಾರದೆಂದು ತುಟಿ ಕಚ್ಚಿ ನುಂಗಿದ. ಅಪ್ಪ ಕಲ್ಲು ಪಾಲಿಶ್ ಮಾಡುತ್ತಿದ್ದ ಮಷೀನಿನ ಕೆಲಸಕ್ಕೇ ಈಗ ಇವನು ನಿಲ್ಲುತ್ತಿದ್ದ.

"ಬೀಡಿ ಬಿಡೋ ಅಂತ ಬಡ್ಕೊಂಡೆ," ಕಾರ್ಖಾನೆಯ ಮೇಸ್ತ್ರಿ ಬಾಗಿಲಲ್ಲಿ ಲೊಚಗುಟ್ಟಿದ.

"ಯಾವ ಬೀಡಿ? ಅಪ್ಪ ಕುಡಿದಿದ್ದು ನಿಮ್ಮ ಕಲ್ಲಿನ ಧೂಳು ಕಣ್ರೀ! ಮೂಗಿಗೊಂದು ಬಟ್ಟೆ ಕೇಳಿದ್ರೆ, ಮದುಮಗಳಾ ನೀನು, ಮುಸುಕು ಬೇಕಾ ಅಂದೋರು ಯಾರು?"

"ಹೆಣದ ಮುಂದೆ ಬಾಯಿ ಮಾಡ್ಬೇಡ್ವೋ." ಬೆಳಗ್ಗೆ ತಾನೇ ಬೇರೆ ಊರಿಂದ ಬಂದಿದ್ದ ನರ್ಸ್ ಚಿಕ್ಕಮ್ಮ ಹಾಳೆ ಕಸಿದುಕೊಂಡು ಬೆಳಕಿಗೆ ಹಿಡಿದಳು. "ಅಯ್ಯೋ... ಎಡ ಶ್ವಾಸಕೋಶ ಮೊದಲೇ ಚಿಕ್ಕದು. ಬಲಗಡೇದಕ್ಕೆ ಮೂರು ಭಾಗ, ಇದಕ್ಕೆ ಎರಡೇ. ಹೃದಯಕ್ಕೆ ಜಾಗ ಬಿಟ್ಟು ಒಳಗೆ ಸರ್ಕೊಂಡಿರುತ್ತೆ ಪಾಪ. ಭಾವಂಗೆ ಅದೇ ಕಲ್ಲಾಗಿ ಹೋಗಿದೆ."

"ಎಡಗಡೇದಾ?" ಅಮ್ಮ ತಲೆ ಎತ್ತಿದಳು. "ಬಿಳಿ ಕಲೆ ಬಲಗಡೆ ಇದೆಯಲ್ಲೇ!"

"ಅಕ್ಕಾ, ಇದು ಭಾವ ನಿನ್ನ ಎದುರಿಗೆ ನಿಂತ ಹಾಗೆ. ಅವರ ಎಡ, ನಿನಗೆ ಬಲ."

\*

ಅಪ್ಪ ಇದ್ದಾಗ, ಸಂಜೆಯಾದರೆ ಅಮ್ಮ ಶಾಖ ಕೊಡಲು ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದಳು. ಕಿಟಕಿಯ ಹಾಳೆಯನ್ನೊಮ್ಮೆ ನೋಡಿ, ಆ ಬಿಸಿ ಗಂಟನ್ನು ಅಪ್ಪನ ಎದೆಯ ಬಲಗಡೆ ಒತ್ತುತ್ತಿದ್ದಳು.

"ಇಲ್ಲೇನಾ ನೋವು?"

ಅಪ್ಪನ ಕೈ ಎದೆಯ ಎಡಗಡೆಯನ್ನು ಅವುಚಿಕೊಂಡಿರುತ್ತಿತ್ತು.

"ಹೂಂ, ಅಲ್ಲೇ. ನಿನ್ನ ಕೈಗೆ ಹೇಗೆ ಗೊತ್ತಾಗುತ್ತೆ ನೋಡು!"

ಬಲಗಡೆ ಚರ್ಮ ಬೆಂದು ಕೆಂಪಾದರೂ ಅಲ್ಲ ಅನ್ನಲಿಲ್ಲ.

\*

ಹೊರಗೆ ಗಾಡಿ ಬಂದು ನಿಂತಿತು.

"ಎತ್ತಿ ಎತ್ತಿ," ಮೇಸ್ತ್ರಿ ಅವಸರಪಡಿಸಿದ. "ಮಧ್ಯಾಹ್ನದ ಪಾಳಿ ಶುರುವಾಗುತ್ತೆ."

"ಸ್ವಲ್ಪ ತಾಳಿ." ಅಮ್ಮ ಹೊದಿಕೆ ಸರಿಸಿ ಅಪ್ಪನ ಎದೆಯ ಎಡಗಡೆ ಅಂಗೈ ಊರಿದಳು. "ಹೇಳೋದಲ್ವಾ ಪುಣ್ಯಾತ್ಮ? ಬಾಯಿಗೇನು ಬೀಗ ಹಾಕಿತ್ತಾ?"

ಮಗ ಹೆಗಲು ಕೊಡಲು ಬಗ್ಗಿದ್ದೇ ತಡ, ಬೆಳಗಿನಿಂದ ನುಂಗಿದ್ದ ಕೆಮ್ಮೆಲ್ಲ ಒಟ್ಟಿಗೆ ಕಿತ್ತುಕೊಂಡು ಬಂತು. ನಿಲ್ಲಲೇ ಇಲ್ಲ. ಮೇಸ್ತ್ರಿ ನೆಲ ನೋಡತೊಡಗಿದ.

ಅಮ್ಮ ಎದ್ದು ಮಗನ ಎದುರಿಗೆ ಬಂದಳು.

"ಯಾವ ಕಡೆ?"

"ಏನೂ ಇಲ್ಲಮ್ಮ. ಧೂಳು ಅಷ್ಟೇ."

ಅವಳ ಅಂಗೈ ಅವನ ಎದೆಯ ಹತ್ತಿರ ಬಂತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಸರಿದು, ಎಲ್ಲೂ ಮುಟ್ಟಲಾಗದೆ ಗಾಳಿಯಲ್ಲೇ ನಿಂತಿತು.