ಒಂದು ಬಟ್ಟಲಿಗೆ ಒಂದೇ ಚೀಟಿ

ಟೈಲರಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಅವಳ ನಿಜವಾದ ಸಿಟ್ಟನ್ನು ಅವರು ಇನ್ನೂ ಕಂಡಿರಲಿಲ್ಲ. ಇವತ್ತು ಮಧ್ಯಾಹ್ನ ಅರ್ಧ ಹೊಲಿದ ಅಂಗಿಯನ್ನು ಮಷಿನ್ನಿನ ಮೇಲೇ ಬಿಟ್ಟು, ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ, ನಾಯಿ ಕಚ್ಚಿ ಹರಿದಿದ್ದ ಗಿಡಗಳ ಬಟ್ಟಲನ್ನು ಹಿಡಿದುಕೊಂಡು ಅವಳು ನರ್ಸರಿಗೆ ನುಗ್ಗಿದಳು. ಅವಳ ನಾಯಿ ಮೋಟ ಬೆಳಿಗ್ಗೆಯಿಂದ ಪಶು ಆಸ್ಪತ್ರೆಯ ಮೇಜಿನ ಮೇಲೆ ಡ್ರಿಪ್ ಹಾಕಿಸಿಕೊಂಡು ಮಲಗಿತ್ತು.

ಹೋದ ವಾರ ಬಟ್ಟಲು ಕೊಳ್ಳುವಾಗ ಒಂದಲ್ಲ, ಎರಡು ಸಲ ಕೇಳಿದ್ದಳು. "ಮನೇಲಿ ನಾಯಿ ಇದೆ. ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತೆ. ಏನೂ ಆಗಲ್ವಾ?" ನರ್ಸರಿಯವನು ಮಣ್ಣಿಗೆ ಚುಚ್ಚಿದ್ದ ಹಳದಿ ಪ್ಲಾಸ್ಟಿಕ್ ಚೀಟಿ ತೋರಿಸಿದ್ದ. 'ನಾಯಿ, ಬೆಕ್ಕು ಇರುವ ಮನೆಗೆ ಸುರಕ್ಷಿತ.' ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಮೂರು ಸಲ ಅಳೆಯುವವಳು ಒಂದು ಪ್ಲಾಸ್ಟಿಕ್ ಚೂರನ್ನು ನಂಬಿಬಿಟ್ಟಿದ್ದಳು. ಅದನ್ನು ನೆನೆದರೇ ಅವಳ ಮೈ ಉರಿಯುತ್ತಿತ್ತು.

ಬಟ್ಟಲಲ್ಲಿ ಇದ್ದದ್ದು ಮೂರು ಗಿಡ. ಡಾಕ್ಟರು ಬೆರಳಿಟ್ಟು ತೋರಿಸಿದ್ದರು. "ಈ ಗುಲಾಬಿ ಥರ ಎಲೆ ಸುತ್ಕೊಂಡಿರೋದು, ಈ ಪಟ್ಟೆ ಎಲೆದು ತಿಂದ್ರೆ ತೊಂದರೆ ಇಲ್ಲ. ಈ ಕೆಂಪು ಹೂವಿಂದು ಕಲಾಂಚೋ. ಇದು ಹೃದಯಕ್ಕೇ ಹೊಡೆಯುತ್ತೆ. ಸಂಜೆವರೆಗೂ ಏನೂ ಹೇಳಕ್ಕಾಗಲ್ಲ." ಮೋಟ ಒಂದು ಹೂಗೊಂಚಲು ಬಿಟ್ಟು ಕಲಾಂಚೋವನ್ನೇ ಬುಡದ ತನಕ ಮೇಯ್ದಿತ್ತು.

"ಚೀಟಿ ಸರಿಯಾಗೇ ಇದೆಯಲ್ಲಮ್ಮ" ಎಂದ ನರ್ಸರಿಯವನು. "ಅದು ಈ ಗುಲಾಬಿ ಥರದ್ದರ ಚೀಟಿ. ಮೂರಕ್ಕೂ ಚುಚ್ಚಿದ್ರೆ ಬಟ್ಟಲಿನ ಅಂದ ಕೆಡುತ್ತೆ. ಅದಕ್ಕೇ ಒಂದೇ ಇಡ್ತೀವಿ."

"ಯಾವುದನ್ನ?"

"ಯಾವುದು ನೋಡಕ್ಕೆ ಚೆನ್ನಾಗಿರುತ್ತೋ ಅದನ್ನ."

"ಹಾಗಾದ್ರೆ ತಪ್ಪೆಲ್ಲ ನಮ್ಮ ಮೋಟಂದೇ ಬಿಡಿ! ಚೀಟಿ ಓದಿ, ಗಿಡ ಆರಿಸ್ಕೊಂಡು ತಿನ್ನಬೇಕಿತ್ತು. ಏನ್ಮಾಡೋದು, ಶಾಲೆಗೆ ಕಳಿಸ್ಲಿಲ್ಲ ನಾನು!"

ಅವನು ಬೆಣ್ಣೆ ಹಚ್ಚುವ ದನಿ ತೆಗೆದ. "ಸುಮ್ನೆ ಗಾಬರಿ ಆಗ್ಬೇಡಿ. ಡಾಕ್ಟರು ಹೆದರಿಸ್ತಾರೆ ಅಷ್ಟೆ. ನನ್ನ ಮಗಳ ಮನೇಲೂ ನಾಯಿ ಇದೆ. ಅವಳಿಗೂ ಇಂಥದ್ದೇ ಬಟ್ಟಲು ಕೊಟ್ಟಿದ್ದೀನಿ. ಏನಾಗಿದೆ ಈಗ?"

"ಯಾವಾಗ ಕೊಟ್ರಿ?"

"ನಿನ್ನೆ ಸಂಜೆ."

ಟೈಲರಮ್ಮ ಮೇಜಿನ ಮೇಲಿದ್ದ ಅವನ ಫೋನನ್ನು ಅವನತ್ತ ತಳ್ಳಿದಳು. "ಮಾಡಿ. ಈಗ್ಲೇ ಮಾಡಿ."

ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಮೊಮ್ಮಗಳು ಎತ್ತಿದಳು. ಅವಳ ದನಿ ಟೈಲರಮ್ಮನಿಗೂ ಕೇಳಿಸಿತು. "ತಾತಾ, ಅಮ್ಮ ನೆಲ ಒರೆಸ್ತಿದಾಳೆ. ನಾಯಿ ಬೆಳಿಗ್ಗೆಯಿಂದ ವಾಂತಿ ಮಾಡ್ತಾನೇ ಇದೆ."

ಟೈಲರಮ್ಮ ಫೋನು ಕಿತ್ತುಕೊಂಡಳು. "ಪುಟ್ಟಿ, ಅಮ್ಮನ್ನ ಕರಿ. ಓಡು." ಅಮ್ಮ ಬಂದಳು. ಯಾವ ಆಸ್ಪತ್ರೆ, ಯಾವ ಡಾಕ್ಟರು, ಬಟ್ಟಲನ್ನೂ ಜೊತೆಗೆ ಒಯ್ಯಬೇಕು ಎಂದು ಟೈಲರಮ್ಮ ಬಿಡಿಸಿ ಹೇಳಿದಳು. ಹೇಳುವಾಗಲೂ ಅವಳ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ.

ಫೋನು ಹಿಂತಿರುಗಿಸಿ ಹೊರಟಾಗ ಅವನು ಬಾಗಿಲ ತನಕ ಹಿಂದೆಯೇ ಬಂದ. "ಅಮ್ಮ, ನಿಮ್ಮ ನಾಯಿ... ಹೇಗಿದೆ ಈಗ?"

"ನಾನು ಬಂದು ಅರ್ಧ ಗಂಟೆ ಆಯ್ತು" ಎಂದಳು ಟೈಲರಮ್ಮ. "ಈಗ ಕೇಳ್ತಿದೀರಿ."